ಬಾಗಿಲ ಪಕ್ಕದ ಕುರ್ಚಿ

ಮಾರ್ಚ್ ೩, ಸೋಮವಾರ

ಬಂದು ಸೇರಿದೆವು. ಹೋಟೆಲಿನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಸುಣ್ಣ ಹತ್ತುತ್ತದೆ. ಮರಿಗೆ ಇಂಥ ಕೋಣೆಯೇ ಇಷ್ಟ. "ನೋಡೋಕೆ ಏನೂ ಇಲ್ದಿದ್ರೆ ತಲೆ ನೆಟ್ಟಗೆ ಓಡುತ್ತೆ ಅಕ್ಕ" ಎಂದು ಬೂಟು ಕಾಲಿನಲ್ಲೇ ಮಂಚದ ಮೇಲೆ ಬಿದ್ದುಕೊಂಡ. ಬೂಟು ಬಿಚ್ಚುವುದು ಇನ್ನೂ ನನ್ನ ಕೆಲಸ ಎಂದುಕೊಂಡಿದ್ದಾನೋ ಏನೋ. ಹತ್ತೊಂಬತ್ತು ತುಂಬಿದ ತಮ್ಮನನ್ನು ಮರಿ ಮರಿ ಎಂದು ಕರೆದು ಹಾಳು ಮಾಡಿದವಳೂ ನಾನೇ.

ಮಾವ ಫೋನ್ ಮಾಡಿದ್ದರು. "ಏನಮ್ಮ, ಈ ಸಲನಾದ್ರೂ ಪಾಸಾಗ್ತಾನಾ ನಿನ್ನ ತಮ್ಮ?" ಗ್ರ್ಯಾಂಡ್‌ಮಾಸ್ಟರ್ ಎಂದರೆ ಪರೀಕ್ಷೆಯಲ್ಲ ಮಾವ, ದೊಡ್ಡ ಆಟಗಾರರಿರುವ ಟೂರ್ನಿಯಲ್ಲಿ ಇಂತಿಷ್ಟು ಅಂಕ ಎಂದು ಮೂರು ಸಲ ಗಳಿಸಬೇಕು, ಎರಡು ಸಲ ಆಗಿದೆ, ಮೂರನೆಯದು ಬಾಕಿ ಎಂದು ನೂರನೇ ಬಾರಿ ವಿವರಿಸಿದೆ. "ಅಂದ್ರೆ ಇನ್ನೂ ಒಂದು ಸಬ್ಜೆಕ್ಟ್ ಉಳ್ಕೊಂಡಿದೆ ಅನ್ನು" ಎಂದರು. ಹೂಂ ಎಂದು ಇಟ್ಟೆ.

ಉಳಿದು ನಾಲ್ಕು ವರ್ಷವಾಯಿತು. ಆರನೇ ವಯಸ್ಸಿನಲ್ಲಿ ಮರಿ ಕುರ್ಚಿಯ ಮೇಲೆ ಮಂಡಿಯೂರಿ ಕೂತು ಚೆಸ್ ಕ್ಲಬ್ಬಿನ ಹಿರಿಯರನ್ನೆಲ್ಲ ಸೋಲಿಸುತ್ತಿದ್ದ. ಮುಂದಿನ ಹಲ್ಲಿಲ್ಲದ ಅವನ ಫೋಟೊ ಪೇಪರಿನಲ್ಲಿ ಬಂದಾಗ ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದಳು. ಈಗ ಅದೇ ಪೇಪರಿನವರು ಬೇರೆ ಯಾವುದೋ ಹಲ್ಲಿಲ್ಲದ ಹುಡುಗನ ಹಿಂದೆ ಓಡುತ್ತಿದ್ದಾರೆ. ಬಾಲಪ್ರತಿಭೆಗೆ ಮೀಸೆ ಬಂದರೆ ಯಾರಿಗೂ ಬೇಡ. ಅಪ್ಪ ಹೊರಡುವಾಗ ಒಂದೇ ಮಾತು ಹೇಳಿದರು: ಈ ಸಲವೂ ಆಗದಿದ್ದರೆ ಜೂನ್‌ನಿಂದ ಕಾಲೇಜು, ಚೆಸ್ ಏನಿದ್ದರೂ ಭಾನುವಾರಕ್ಕೆ. ಮರಿ ತಲೆಯಾಡಿಸಿದ. ಅವನ ಕಿವಿ ಕೆಂಪಗಾಗಿದ್ದನ್ನು ನಾನು ಮಾತ್ರ ನೋಡಿದೆ.

ಮಾರ್ಚ್ ೪, ಮಂಗಳವಾರ

ಮೊದಲ ಸುತ್ತು ಗೆದ್ದ. ಸಭಾಂಗಣದ ಬಾಗಿಲಲ್ಲಿ ಎಂದಿನಂತೆ ಅವನ ಕಾಲರ್ ಸರಿ ಮಾಡಿ ಒಳಗೆ ಕಳಿಸಿದೆ. ಅದು ಯಾವಾಗಲೂ ಒಂದು ಕಡೆ ಮಡಚಿಕೊಂಡೇ ಇರುತ್ತದೆ.

ಈ ಸಲ ಹೊಸ ನಿಯಮವಂತೆ. ನೋಡಲು ಬಂದವರು ಫೋನು, ಪುಸ್ತಕ, ಚೀಲ ಏನನ್ನೂ ಒಳಗೆ ಒಯ್ಯುವಂತಿಲ್ಲ, ಆಟಗಾರರಿಗೆ ಸನ್ನೆ ಮಾಡುತ್ತಾರಂತೆ. ನನ್ನ ಕಸೂತಿಯನ್ನೂ ಕಿತ್ತುಕೊಂಡರು. "ಸೂಜಿಲಿ ಏನು ಸನ್ನೆ ಮಾಡ್ಲಿ?" ಎಂದೆ. "ನಿಯಮ ನಿಯಮಾನೇ" ಎಂದರು ಮುಖ್ಯ ತೀರ್ಪುಗಾರ್ತಿ. ಮಾತಿಗೊಮ್ಮೆ ಅವರ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳಿಗೆ ಅದನ್ನು ನೋಡಿ ಸುಮ್ಮನಿರಲು ಆಗುತ್ತದೆಯೇ? ಇಸಿದುಕೊಂಡು ಕಡ್ಡಿ ಬಗ್ಗಿಸಿ ಕೊಟ್ಟೆ. ಕಸೂತಿ ಮಾತ್ರ ವಾಪಸು ಸಿಗಲಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತೆ. ಚಿಕ್ಕವನಿದ್ದಾಗ ತಲೆ ಎತ್ತಿದರೆ ನಾನು ಕಾಣದಿದ್ದರೆ ಅಳುತ್ತಿದ್ದ. ಅಂದಿನಿಂದ ಯಾವ ಊರಿಗೆ ಹೋದರೂ ಅವನ ಕಣ್ಣಿಗೆ ನೇರವಾಗಿರುವ ಕೊನೆಯ ಕುರ್ಚಿ ನನ್ನದು. ಇಷ್ಟು ವರ್ಷ ಕಸೂತಿಯ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದೆ. ಇವತ್ತು ಕೈ ಖಾಲಿ. ಬೇರೆ ದಾರಿಯಿಲ್ಲದೆ, ನೋಡುಗರಿಗೆಂದು ಗೋಡೆಗೆ ಹಾಕಿದ್ದ ಪರದೆಯ ಮೇಲಿನ ಆಟ ನೋಡಿದೆ. ನಾನೂ ಆಡುತ್ತಿದ್ದವಳೇ. ಇವನ ಜತೆ ಊರೂರು ಸುತ್ತಲು ಯಾರಾದರೂ ಬೇಕಾದಾಗ ನಿಲ್ಲಿಸಿದೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಮಾರ್ಚ್ ೫, ಬುಧವಾರ

ಎದುರಾಳಿ ಗಡ್ಡದವನು. ಆಟ ಅರ್ಧ ದಾಟಿತ್ತು. ಪರದೆ ನೋಡುತ್ತಿದ್ದ ನನಗೆ ಇದ್ದಕ್ಕಿದ್ದಂತೆ ಒಂದು ನಡೆ ಕಂಡಿತು. ಮರಿ ತನ್ನ ಆನೆಯನ್ನು ಬಲಿ ಕೊಟ್ಟರೆ ಗಡ್ಡದವನ ರಾಜನಿಗೆ ಓಡಲು ಜಾಗವೇ ಇಲ್ಲ. ಕೂರಲಾಗಲಿಲ್ಲ. ಎದ್ದು ಹೊರಗೆ ಹೋಗಿ ನೀರು ಕುಡಿದೆ. ವಾಪಸು ಬರುವಷ್ಟರಲ್ಲಿ ಮರಿ ಆ ಆನೆಯನ್ನು ಕೊಟ್ಟಾಗಿತ್ತು. ಗೆದ್ದ.

ಊಟದ ಹೊತ್ತಿಗೆ ಕೇಳಿದ. "ಅಕ್ಕ, ನೀನ್ಯಾಕೆ ಎದ್ದು ಹೋದೆ?"

"ಬಾಯಾರಿಕೆ ಆಗಿತ್ತು ಕಣೋ."

"ಓ" ಎಂದು ಬ್ರೆಡ್ಡಿಗೆ ಬೆಣ್ಣೆ ಸವರಿದ. "ನೀನು ಎದ್ದಾಗ್ಲೇ ಅಂದ್ಕೊಂಡೆ, ಇಲ್ಲೇನೋ ಇದೆ ಅಂತ."

ನಕ್ಕ. ನಾನೂ ನಕ್ಕೆ. ಈಗ ಬರೆಯುತ್ತಾ ಅನಿಸುತ್ತಿದೆ, ನಗಬಾರದಿತ್ತು.

ಮಾರ್ಚ್ ೭, ಶುಕ್ರವಾರ

ನಿನ್ನೆ ಡ್ರಾ. ಇವತ್ತು ಗೆಲುವು. ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ.

ಮರಿ ಆಟದ ಮಧ್ಯೆ ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಮುಂಚಿನಿಂದಲೂ ನೋಡುತ್ತಾನೆ, ಆದರೆ ಆ ನೋಟ ಬೇರೆ, ಇದು ಬೇರೆ. ನಮ್ಮ ಅಂಗಡಿಯಲ್ಲಿ ಕೆಲವರು ಹೀಗೇ ನೋಡುತ್ತಾರೆ. ಗಾಜು ಬದಲಿಸಿ "ಇದು ಸ್ಪಷ್ಟವಾ, ಅದಾ?" ಎಂದು ಕೇಳಿದರೆ ಅಕ್ಷರದ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ, ಸರಿಯಾದ ಉತ್ತರ ಅಲ್ಲಿ ಬರೆದಿರುತ್ತದೆ ಎನ್ನುವಂತೆ. ಅದಕ್ಕೇ ನಮಗೆ ಮೊದಲು ಕಲಿಸುವುದು ಹುಬ್ಬು ಅಲ್ಲಾಡಿಸದೆ, ದನಿ ಏರಿಸದೆ ಕೇಳುವುದನ್ನು. ಅದರಲ್ಲಿ ನಾನು ಪಳಗಿದವಳು.

ಆಗ ಎದುರಾಳಿ ಒಂದು ತಪ್ಪು ನಡೆ ಇಟ್ಟ. ಕುದುರೆಯಿಂದ ಹೊಡೆದರೆ ಮುಗಿಯಿತು, ಆದರೆ ಮೇಲ್ನೋಟಕ್ಕೆ ಕಾಣುವಂಥದ್ದಲ್ಲ. ಮರಿಯ ಕೈ ಬೇರೆ ಕಾಯಿಯ ಕಡೆ ಹೋಗುತ್ತಿತ್ತು. ಮುಟ್ಟಿದರೆ ಅದನ್ನೇ ನಡೆಸಬೇಕು. ಅಪ್ಪನ ಮಾತು ನೆನಪಾಯಿತು. ಆ ಕೆಂಪು ಕಿವಿ ನೆನಪಾಯಿತು.

ಎದ್ದೆ. ಬಾಗಿಲು ತೆರೆದೆ. ಬಾಗಿಲು ಕಿರ್ ಎನ್ನುತ್ತದೆಂದು ನನಗೆ ಗೊತ್ತಿತ್ತು.

ಬಾಯಾರಿಕೆ ಇರಲಿಲ್ಲ. ನಲ್ಲಿಯ ಮುಂದೆ ಸುಮ್ಮನೆ ನಿಂತಿದ್ದೆ.

ಮಾರ್ಚ್ ೮, ಶನಿವಾರ

ಡ್ರಾ. ಊಟ ಸೇರಲಿಲ್ಲ.

ಮಾರ್ಚ್ ೯, ಭಾನುವಾರ

ಬಿಡುವಿನ ದಿನ. ಕೋಚ್ ಫೋನ್ ಮಾಡಿ ಶುಕ್ರವಾರದ ಆಟ ಹೊಗಳಿದ್ದೇ ಹೊಗಳಿದ್ದು. "ಆ ಕುದುರೆ ನಡೆ ನೋಡಿ ನಂಗೆ ಹಳೇ ಹುಡುಗ ವಾಪಸು ಬಂದ ಅನ್ನಿಸ್ತಮ್ಮ. ನಾಲ್ಕು ವರ್ಷ ಎಲ್ಲಿ ಹೋಗಿದ್ದ?" ಸ್ಪೀಕರ್ ಹಾಕಿತ್ತು. ಮರಿ ಕಿಟಕಿಯಾಚೆಯ ಗೋಡೆ ನೋಡುತ್ತಿದ್ದ. ನಾನು ಅವನ ಸಾಕ್ಸ್ ಜೋಡಿಸುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಎರಡು ಬೆಕ್ಕು, ಒಂದೇ ತಟ್ಟೆ.

ಸಂಜೆ ಒಬ್ಬನೇ ಹೊರಗೆ ಹೋಗಿ ಬಂದು ನನ್ನ ಮುಂದೆ ಒಂದು ನೀರಿನ ಬಾಟಲಿ ಇಟ್ಟ. ಪಾರದರ್ಶಕವಾದದ್ದು. "ಇದನ್ನ ಒಳಗೆ ಬಿಡ್ತಾರಂತೆ. ಕೇಳ್ಕೊಂಡು ಬಂದೆ. ನಿಂಗೆ ಬಾಯಾರುತ್ತಲ್ಲ."

ಅಣಕಿಸಿದನೆಂದೇ ತಿಳಿದೆ. ಎಲ್ಲ ಗೊತ್ತಿದ್ದೂ ಅಣಕಿಸುತ್ತಾನಲ್ಲ ಎಂದು ಮೈ ಉರಿಯಿತು. ಆಮೇಲೆ ನಾಚಿಕೆಯಾಯಿತು. ಕಳ್ಳತನ ಕಲಿಸಿದವಳು ನಾನು, ಸಿಟ್ಟು ಅವನ ಮೇಲೆ.

ಮಾರ್ಚ್ ೧೦, ಸೋಮವಾರ

ಸೋತ. ಬಾಟಲಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕೊನೆಯವರೆಗೂ ಕೂತೇ ಇದ್ದೆ. ಹಾಗೆ ನೋಡಿದರೆ ಏಳುವಂಥ ನಡೆಯೂ ಕಾಣಲಿಲ್ಲ. ಕೋಣೆಗೆ ಬಂದವನು ಬೂಟು ಬಿಚ್ಚದೆ ಗೋಡೆ ಕಡೆ ತಿರುಗಿ ಮಲಗಿದ.

"ಕಲ್ಲಿನ ಹಾಗೆ ಕೂತಿದ್ದೆ ಇವತ್ತು" ಎಂದ.

"ಇನ್ನು ಹೇಗೆ ಕೂರ್ಲಿ?"

ಅವನು ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡ. ಎದ್ದರೂ ತಪ್ಪು, ಕೂತರೂ ತಪ್ಪು. ಆ ಹುಡುಗನಿಗೆ ತನ್ನ ತಲೆಯಿಂದಲೇ ಯೋಚಿಸುವುದನ್ನು ನಾನು ಒಂದು ವಾರದಲ್ಲಿ ಮರೆಸಿಬಿಟ್ಟೆನೇ? ಆರು ವರ್ಷದವನಿಗೆ ಯಾರು ಹೇಳಿಕೊಡುತ್ತಿದ್ದರು? ಯಾರೂ ಇಲ್ಲ. ಈ ಪಾಪ ಎಲ್ಲಿ ತೊಳೆಯಲಿ ಎಂದು ಗೊತ್ತಾಗುತ್ತಿಲ್ಲ.

ಸುಮ್ಮನೆ ಹೊತ್ತು ಹೋಗಲೆಂದು ಅವನ ಚಿಕ್ಕ ಬೋರ್ಡಿನ ಮೇಲೆ ಇವತ್ತಿನ ಆಟ ಹಾಕಿ ನೋಡಿದೆ. ಎದುರಾಳಿ ಕೂಡ ಒಂದು ಕಡೆ ತಪ್ಪಿದ್ದ. ಇಬ್ಬರೂ ನೋಡಲಿಲ್ಲ. ಆಗ ನನಗೂ ಕಂಡಿರಲಿಲ್ಲ, ಈಗ ಕಂಡಿತು. ಚೆನ್ನಾಗಿದೆ ಆ ನಡೆ.

ಮಾರ್ಚ್ ೧೨, ಬುಧವಾರ

ನಿನ್ನೆಯದೂ ಇವತ್ತಿನದೂ ಗೆಲುವು. ಎರಡೂ ದಿನ ನಾನು ಚಾವಣಿ ನೋಡುತ್ತಾ ಕೂತಿದ್ದೆ. ಅವನ ಪುಣ್ಯಕ್ಕೆ ಎದುರಾಳಿಗಳು ತಾವಾಗಿಯೇ ಎಡವಿ ಬಿದ್ದರು. ನಾಳೆ ಕೊನೆಯ ಸುತ್ತು. ಗೆದ್ದರೆ ಗ್ರ್ಯಾಂಡ್‌ಮಾಸ್ಟರ್. ಡ್ರಾ ಆದರೂ ಸಾಲದು.

ಇವತ್ತು ಆಟದ ಮಧ್ಯೆ ತೀರ್ಪುಗಾರ್ತಿ ನೋಡುಗರ ಸಾಲಿಗೆ ನೇರವಾಗಿ ಬಂದರು. "ಇಲ್ಲಿ ಯಾರೋ ಆಟಗಾರರಿಗೆ ಸಹಾಯ ಮಾಡ್ತಿದಾರೆ ಅಂತ ದೂರು ಬಂದಿದೆ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈಯಿಂದ ಬಾಟಲಿ ಬಿದ್ದು ಮುಂದಿನ ಸಾಲಿನವರೆಗೂ ಉರುಳಿತು. ಅವರು ಅದನ್ನು ಎತ್ತಿ ನನ್ನ ಕೈಗೇ ಕೊಟ್ಟು, ನನ್ನ ಪಕ್ಕದವನ ಜೇಬಿನಿಂದ ಫೋನು ತೆಗೆಸಿದರು. "ನಿಮ್ಮಿಂದ ಕನ್ನಡಕ ಜಾರ್ತಾನೇ ಇಲ್ಲ ನೋಡಿ" ಎಂದು ನಗುತ್ತಾ ಹೋದರು. ಆ ನಗು ಹೊಡೆತಕ್ಕಿಂತ ಜೋರಾಗಿ ಬಿತ್ತು.

ನಿರ್ಧಾರ ಮಾಡಿದ್ದೇನೆ. ನಾಳೆ ಅವನು ಆಟದಲ್ಲಿ ಮುಳುಗುವವರೆಗೆ ಮಾತ್ರ ಕೂತಿದ್ದು ಎದ್ದು ಹೋಗುತ್ತೇನೆ. ಬೋರ್ಡಿನ ಮೇಲೆ ಏನೂ ಆಗಿರದ ಹೊತ್ತಿನಲ್ಲಿ. ಸೋತರೆ ಸೋಲಲಿ. ಅವನದೇ ಸೋಲಾಗಲಿ.

ಮಾರ್ಚ್ ೧೩, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಾಲರ್ ಸರಿ ಮಾಡಿ ಕಳಿಸಿದೆ. ಕುರ್ಚಿಯಲ್ಲಿ ಕೂತೆ. ಎರಡೂ ಕಡೆ ಆರಂಭದ, ಬಾಯಿಪಾಠದ ನಡೆಗಳೇ ನಡೆಯುತ್ತಿದ್ದವು. ಮರಿ ತಲೆ ಎರಡೂ ಕೈಯಲ್ಲಿ ಹಿಡಿದು ಬೋರ್ಡಿನೊಳಗೆ ಇಳಿದ. ಬಾಗಿಲು ಕಿರ್ ಎನ್ನದಂತೆ ಮೆಲ್ಲಗೆ ಎತ್ತಿ ಹಿಡಿದು ಹೊರಗೆ ಬಂದೆ.

ಪಕ್ಕದ ಕೋಣೆಯಲ್ಲಿ ಆಟಗಾರರ ಮನೆಯವರು ಕಾಯುತ್ತಾ ಹೊತ್ತು ಕಳೆಯಲೆಂದು ಒಂದೆರಡು ಬೋರ್ಡು ಇಟ್ಟಿದ್ದರು. ಹಸಿರು ಸ್ವೆಟರಿನ ಅಜ್ಜಿಯೊಬ್ಬರು ಒಬ್ಬರೇ ಕಾಯಿ ಜೋಡಿಸುತ್ತಿದ್ದರು. ಮೊಮ್ಮಗಳು ಒಳಗೆ ಆಡುತ್ತಿದ್ದಾಳಂತೆ. "ಬಾರಮ್ಮ, ಒಂದು ಕೈ ನೋಡೋಣ. ನಂಗೆ ಸೋತು ಅಭ್ಯಾಸ ಇದೆ" ಎಂದರು. ಸೋಲುವ ಹೆಂಗಸೇ ಅಲ್ಲ. ಮೊದಲ ಆಟದಲ್ಲಿ ನನ್ನನ್ನು ಅರೆದು ಹಾಕಿದರು. ಎರಡನೆಯದರಲ್ಲಿ ನಾನು ಬಿಡಲಿಲ್ಲ. ಮೂರನೆಯದರಲ್ಲಿ ಅವರ ರಾಣಿಯನ್ನು ಮೂಲೆಗೆ ಅಟ್ಟಿದಾಗ ನನ್ನ ಬಾಯಿಂದ "ಹಾ!" ಎಂದು ಬಂತು, ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಹೊರಗೆ ಚಪ್ಪಾಳೆ ಕೇಳಿದಾಗಲೇ ತಮ್ಮ ಎನ್ನುವವನೊಬ್ಬನಿದ್ದಾನೆ ಎಂದು ನೆನಪಾದದ್ದು. ಅವನ ಜೀವಮಾನದ ದಿನ, ಅವನನ್ನು ಪೂರ್ತಿ ಮರೆತು ಕೂತಿದ್ದೆ. ಇದೂ ಒಂದು ತಪ್ಪು, ಪಟ್ಟಿಗೆ ಸೇರಲಿ.

ಮರಿ ಗೆದ್ದಿದ್ದ. ಎಲ್ಲರೂ ಡ್ರಾ ಎಂದುಕೊಂಡಿದ್ದ ಆಟದಲ್ಲಿ, ದಾಳಿಯ ನಡುವೆ ತನ್ನ ರಾಜನನ್ನು ಒಂದೇ ಮನೆ ಹಿಂದಕ್ಕೆ ಸರಿಸಿದನಂತೆ. ನೋಡಲು ಕೈಲಾಗದವನ ನಡೆ. ಅದಾದ ಮೇಲೆ ಎದುರಾಳಿ ಏನು ಮಾಡಿದರೂ ಬಾಗಿಲು ಮುಚ್ಚಿತ್ತು. ದೊಡ್ಡ ದೊಡ್ಡವರು ಬಂದು ಕೈ ಕುಲುಕಿದರು. ಅಮ್ಮ ಫೋನಿನಲ್ಲಿ ಅತ್ತಳು. ಅಪ್ಪ "ಸರಿ, ಸರಿ" ಎಂದು ಫೋನನ್ನು ಅಮ್ಮನಿಗೇ ವಾಪಸು ಕೊಟ್ಟರು. ಮಾವ "ಫಸ್ಟ್ ಕ್ಲಾಸಾ?" ಎಂದರು.

ಕೋಣೆಗೆ ಬಂದ ಮೇಲೆ ಮರಿ ಮಂಚದ ತುದಿಯಲ್ಲಿ ಕೂತು ಕೇಳಿದ. "ಅಕ್ಕ, ಆ ರಾಜನ ನಡೆ ನಿಂಗೆ ಅಷ್ಟು ಬೇಗ ಹೇಗೆ ಕಾಣಿಸ್ತು?"

ನನಗೆ ಅರ್ಥವಾಗಲಿಲ್ಲ.

"ತಲೆ ಎತ್ತಿ ನೋಡ್ದೆ, ಕುರ್ಚಿ ಖಾಲಿ. ಸರಿ, ಇಲ್ಲೇನೋ ಇದೆ ಅಂತ ಹುಡುಕ್ದೆ. ಏನೂ ಇಲ್ಲ. ಡ್ರಾ ಕೇಳ್ಬಿಡೋಣ ಅಂತ ಬಾಯಿ ತೆರೆದಿದ್ದೆ. ಅಕ್ಕ ಸುಮ್ಸುಮ್ನೆ ಏಳೋಳಲ್ಲ ಅಂತ ಮತ್ತೆ ಹುಡುಕ್ದೆ. ಅರ್ಧ ಗಂಟೆ ಆಯ್ತು ನಂಗೆ ಅದು ಸಿಗೋಕೆ."

ಬಾಯಲ್ಲಿ ಬಿಸಿ ತುಪ್ಪ. ಸುಮ್ಮನಿದ್ದರೆ ಅವನು ಜೀವಮಾನವಿಡೀ ಆ ನಡೆಯನ್ನು ನನ್ನದೆಂದುಕೊಳ್ಳುತ್ತಾನೆ. ಬಾಯಿ ಬಿಟ್ಟರೆ ಉಳಿದದ್ದೂ ಹೊರಗೆ ಬರುತ್ತದೆ.

"ನಾನು ಒಳಗೇ ಇರ್ಲಿಲ್ಲ ಮರಿ. ನೀನು ಶುರು ಮಾಡ್ತಿದ್ದ ಹಾಗೇ ಎದ್ದು ಬಂದೆ. ಆ ಆಟ ನಾನು ನೋಡೇ ಇಲ್ಲ."

ಮೊದಲು ನಂಬಲಿಲ್ಲ. ಹಸಿರು ಸ್ವೆಟರಿನ ಅಜ್ಜಿಯ ಕಥೆ ಹೇಳಿದೆ. ಅವನ ಮುಖ ನಿಧಾನವಾಗಿ ಅರಳಿತು, ಕಟ್ಟು ಹಾಕಿಸಿದ ಆ ಫೋಟೊದಲ್ಲಿರುವ ಮುಖವೇ. "ಹಾಗಾದ್ರೆ ಅದು ನಂದೇ?"

"ನಿಂದೇ ಕಣೋ. ಪೂರ್ತಿ ನಿಂದೇ."

ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದ. ಕಿಟಕಿಯ ಹತ್ತಿರ ನಿಂತ. ಹೆಗಲು ಜೋತುಬಿತ್ತು. "ಮತ್ತೆ ಆ ಆನೆ? ಆ ಕುದುರೆ?"

"ಆನೆ ದಿನ ನಿಜವಾಗ್ಲೂ ಕೂರಕ್ಕಾಗ್ಲಿಲ್ಲ. ಕುದುರೆ ದಿನ ಬೇಕು ಅಂತಲೇ ಎದ್ದೆ."

"ಗೊತ್ತು" ಎಂದ. "ಬಾಟಲಿ ಅದಕ್ಕೇ ತಂದಿದ್ದು. ನಿಂಗೆ ಏಳೋಕೆ ನೆಪ ಇರಬಾರ್ದು ಅಂತ. ಬಾಯಿ ಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ತಂದು ಕೊಟ್ಟೂ ನಿನ್ನ ಕಡೆ ನೋಡೋದು ಬಿಡಕ್ಕಾಗ್ಲಿಲ್ಲ ಅಕ್ಕ."

ಇಬ್ಬರೂ ಅತ್ತೆವು. ಅವನು ಬೂಟು ತಾನೇ ಬಿಚ್ಚಿಕೊಂಡ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಅವನು ತಿಂಡಿಗೆ ಹೋಗಿದ್ದಾನೆಂದುಕೊಂಡು ತೀರ್ಪುಗಾರ್ತಿಯ ಕೋಣೆಗೆ ಹೋದೆ. ಎಲ್ಲವನ್ನೂ ನನ್ನ ತಲೆಯ ಮೇಲೆ ಹಾಕಿಕೊಳ್ಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದರೆ ಮರಿ ಆಗಲೇ ಅವರ ಮುಂದೆ ಕೂತಿದ್ದಾನೆ.

"ಅಕ್ಕಂದೇನೂ ತಪ್ಪಿಲ್ಲ ಮೇಡಂ, ನಾನೇ ಎದ್ದು ಹೋಗು ಅಂದಿದ್ದೆ."

"ಸುಳ್ಳು ಮೇಡಂ. ಅವನಿಗೆ ಏನೂ ಗೊತ್ತಿರ್ಲಿಲ್ಲ, ನಾನೇ ಎದ್ದಿದ್ದು."

"ಒಬ್ಬೊಬ್ರಾಗಿ ಸುಳ್ಳು ಹೇಳಿ" ಎಂದರು ಅವರು.

ಆಮೇಲೆ ನಿಜ ಹೇಳಿದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಬಂದು ಹೇಳ್ದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಹೇಳಿದ್ಮೇಲೆ ಗೊತ್ತಿಲ್ಲ ಅನ್ನೋಕಾಗಲ್ಲ. ನೀರು ಕುಡಿಯೋಕೆ ಹೋದ್ರಂತಲ್ಲ, ಉಪ್ಪು ತಿಂದವರು ನೀರು ಕುಡೀಲೇಬೇಕು." ಆ ಎರಡು ಗೆಲುವು ಸೋಲಾಗಿ ಬದಲಾಗುತ್ತವೆ, ಅಂಕ ಸಾಲದು, ಪದವಿ ಇಲ್ಲ. ಅವನು ಆರು ತಿಂಗಳು ಆಡುವಂತಿಲ್ಲ. ನಾನು ಒಂದು ವರ್ಷ ಯಾವ ಸಭಾಂಗಣದಲ್ಲೂ ನೋಡುಗರ ಸಾಲಿನಲ್ಲಿ ಕೂರುವಂತಿಲ್ಲ.

ಹೊರಡುವಾಗ ನನ್ನನ್ನು ಕರೆದರು. "ನಿನ್ನೆ ಆ ಕೋಣೆಲಿ 'ಹಾ' ಅಂದಿದ್ದು ನೀವೇ ಅಲ್ವಾ? ನೋಡೋರ ಕುರ್ಚಿಲಿ ಕೂರಬಾರ್ದು ಅಂತ ಬರೆದಿದೀನಿ. ಆಡೋರ ಕುರ್ಚಿ ಬಗ್ಗೆ ಏನೂ ಬರೆದಿಲ್ಲ."

ಹಾಸ್ಯ ಮಾಡುವ ಹೊತ್ತೇ ಅದು?

ಏಪ್ರಿಲ್ ೬, ಭಾನುವಾರ

ಅಪ್ಪ ನನ್ನ ಜತೆ ಮಾತಾಡುವುದಿಲ್ಲ. ಉಪ್ಪಿನ ಡಬ್ಬಿ ಬೇಕಾದರೂ ಅಮ್ಮನಿಗೆ ಹೇಳುತ್ತಾರೆ, ಡಬ್ಬಿ ನನ್ನ ಮುಂದಿರುತ್ತದೆ. ಪೇಪರಿನವರು "ಅಕ್ಕನ ಸನ್ನೆ, ತಮ್ಮನ ಆಟ" ಎಂದು ಹಾಕಿದರು. ನಾಲ್ಕು ವರ್ಷದ ಮೇಲೆ ಅವನ ಫೋಟೊ, ಹೀಗೆ. ಅಮ್ಮ ಹಳೆಯ ಫೋಟೊವನ್ನು ಗೋಡೆಯಿಂದ ಇಳಿಸಿಲ್ಲ. ದಿನಾ ಒರೆಸುತ್ತಾಳೆ, ಮುಂಚಿಗಿಂತ ಜೋರಾಗಿ. ಮಾವ ಮಾತ್ರ ಬಂದು ಹೇಳಿದರು: "ಕಾಪಿ ಹೊಡೆದು ಪಾಸಾಗಿ, ಆಮೇಲೆ ತಾನೇ ಹೋಗಿ ಕಾಪಿ ಹೊಡೆದೆ ಅಂದೋರ್ನ ನಾನು ನೋಡೇ ಇಲ್ಲಮ್ಮ." ಹೊಗಳಿದರೋ ಬೈದರೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಮರಿ ಕಾಲೇಜಿಗೆ ಅರ್ಜಿ ಹಾಕಿದ. ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ಹಸಿರು ಸ್ವೆಟರಿನ ಅಜ್ಜಿ ಫೋನಿನಲ್ಲೇ ಆಟ ಆಡೋಣ ಎನ್ನುತ್ತಾರೆ. ಪಾಪ, ವಯಸ್ಸಾದವರು, ಬೇಸರ ಕಳೆಯಲೆಂದು ಒಪ್ಪಿದೆ. ದಿನಾ ಸಂಜೆ ಆಡುತ್ತೇವೆ.

ನವೆಂಬರ್ ೨೨, ಶನಿವಾರ

ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಹಾಕಿ "ಇದಾ, ಅದಾ?" ಎನ್ನುತ್ತಿದ್ದಾಗ ಫೋನ್ ಬಂತು. ಕಾಲೇಜಿನ ರಜೆಯಲ್ಲಿ ಮರಿ ಒಬ್ಬನೇ ಟೂರ್ನಿಗೆ ಹೋಗಿದ್ದ.

"ಅಕ್ಕ, ಆಯ್ತು."

"ಆಯ್ತಾ?"

"ಹೂಂ. ಬಾಗಿಲ ಪಕ್ಕ ಕುರ್ಚಿನೇ ಇರ್ಲಿಲ್ಲ ಇಲ್ಲಿ."

ಅಳು ಬಂದುಬಿಟ್ಟಿತು. ಆ ಪದವಿ ಎಂಟು ತಿಂಗಳ ಹಿಂದೆಯೇ ಬರಬೇಕಿದ್ದದ್ದೋ, ಬರಬಾರದಿದ್ದದ್ದೋ, ಯಾವುದೆಂದು ನನಗಿನ್ನೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಆ ಪ್ರಶ್ನೆ ನನ್ನ ಜತೆಗೇ ಇರುತ್ತದೆ. ಗಿರಾಕಿ "ಮೇಡಂ, ನನಗೆ ಎರಡೂ ಒಂದೇ ಥರ ಕಾಣ್ತಿದೆ" ಎಂದರು. "ನನಗೂ" ಎಂದೆ.

ಸಂಜೆ ಅಪ್ಪ ಉಪ್ಪಿನ ಡಬ್ಬಿಯನ್ನು ನನ್ನನ್ನೇ ಕೇಳಿದರು.

ಜನವರಿ ೧೮, ಭಾನುವಾರ

ಅಜ್ಜಿಯ ಕಾಟ ತಡೆಯಲಾರದೆ ಒಂದು ಚಿಕ್ಕ ಟೂರ್ನಿಗೆ ಹೆಸರು ಕೊಟ್ಟಿದ್ದೆ. ಶಾಲೆಯ ಊಟದ ಹಾಲಿನಲ್ಲಿ ಆಟ. ಎದುರಾಳಿ ಜಡೆಯ ತುದಿ ಕಚ್ಚುತ್ತಿದ್ದ ಶಾಲೆಯ ಹುಡುಗಿ. "ಆಂಟಿ, ನೀವು ಯಾರ ಜೊತೆ ಬಂದಿದೀರ?" ಎಂದು ಕೇಳಿದಳು. ನಾನೇ ಆಡಲು ಬಂದಿದ್ದೇನೆ ಎಂದು ಹೇಳಲು ಒಂದು ಗಳಿಗೆ ಬೇಕಾಯಿತು.

ಆಟ ಇಕ್ಕಟ್ಟಿಗೆ ಬಂದಾಗ ತಲೆ ಎತ್ತಿದೆ. ಬೇಡವೆಂದರೂ ಮರಿ ಬಂದಿದ್ದ. ಗ್ರ್ಯಾಂಡ್‌ಮಾಸ್ಟರ್ ಬಂದಿದ್ದಾರೆಂದು ಮುಂದಿನ ಸಾಲಿನಲ್ಲಿ ಕೂರಿಸಲು ಹೋದವರಿಗೆ ಬೇಡ ಎಂದು, ಬಾಗಿಲ ಪಕ್ಕದ ಕುರ್ಚಿ ಎಳೆದುಕೊಂಡು ಗೋಡೆಯ ಕಡೆ ತಿರುಗಿಸಿ, ನಮಗೆಲ್ಲ ಬೆನ್ನು ಹಾಕಿ ಕೂತಿದ್ದ.

"ಸರ್, ಬೋರ್ಡುಗಳು ಆ ಕಡೆ ಇದಾವೆ" ಎಂದರು ಯಾರೋ.

"ಗೊತ್ತು. ನನಗೆ ಗೋಡೆ ಇಷ್ಟ" ಎಂದ.

ಅವನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಎದ್ದು ಹೋಗಿ ಸರಿ ಮಾಡಬೇಕೆನಿಸಿತು. ಏಳಲಿಲ್ಲ. ನಡೆ ನನ್ನದಿತ್ತು.